ಹಳ್ಳಕ್ಕೆ ಜೆಸಿಬಿ ಇಳಿಸುವ ಮುಂಚೆ: ಯಾರ ಅನುಮತಿ ಬೇಕು, ನೀರನ್ನು ಹೇಗೆ ಪರೀಕ್ಷೆ ಮಾಡಿಸಬೇಕು

ಹಳ್ಳದಲ್ಲಿ ಜೊಂಡು ತುಂಬಿದೆ. ಪಕ್ಕದ ಗೋಮಾಳದಲ್ಲಿ ಲಂಟಾನ ಬಿಟ್ಟರೆ ಒಂದು ಹಿಡಿ ಹುಲ್ಲು ಸಿಗುವುದಿಲ್ಲ. ಊರಿನವರು ಸೇರಿ ದುಡ್ಡು ಎತ್ತಿದ್ದಾರೆ, ಯಾರೋ ಒಬ್ಬರು ‘ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತದೆ’ ಅಂದಿದ್ದಾರೆ. ಆ ಜೆಸಿಬಿಯವರಿಗೆ ಒಂದು ಫೋನ್ ಮಾಡಿ ಸ್ವಲ್ಪ ದಿನ ತಡೆಯಿರಿ ಅಂತ ಹೇಳಿ, ಆಮೇಲೆ ಇದನ್ನು ಓದಿ.

ಇಲ್ಲಿ ಹೇಳುವುದೆಲ್ಲ ಮಂಡ್ಯ, ಮೈಸೂರು ಕಡೆಯ ಹಳ್ಳ, ತೊರೆ, ಊರಕೆರೆ ಮತ್ತು ಅವುಗಳ ದಂಡೆಯ ಹುಲ್ಲುಗಾವಲಿನ ಬಗ್ಗೆ. ಲೋಕಪಾವನಿ, ಶಿಂಷಾ, ವೀರವೈಷ್ಣವಿ, ಲಕ್ಷ್ಮಣತೀರ್ಥ, ಕಬಿನಿ. ಇವುಗಳಿಗೆ ಸೇರುವ ಸಣ್ಣ ಹಳ್ಳಗಳೇ ಊರಿನವರ ಕೈಗೆ ಎಟುಕುವ ಕೆಲಸ. ಮೇಲೆ ನೀವು ಕದಡಿದ್ದು ಕೆಳಗೆ ಕಾವೇರಿಗೇ ಹೋಗುತ್ತದೆ.

ಮೊದಲೇ ಒಂದು ಮಾತು. ‘ಹಳ್ಳ ಸರಿಪಡಿಸುವ ಪರವಾನಗಿ’ ಅಂತ ಒಂದೇ ಅರ್ಜಿ, ಒಂದೇ ಕಿಟಕಿ ನಮ್ಮಲ್ಲಿ ಇಲ್ಲ. ಅಮೆರಿಕದಲ್ಲಿ ಹೊಳೆಯೊಳಗೆ ಮಣ್ಣು ಕಲ್ಲು ಹಾಕಬೇಕಾದರೆ, ಅದು ಹೊಳೆಯ ಒಳ್ಳೆಯದಕ್ಕೇ ಆದರೂ, ಶುದ್ಧ ನೀರಿನ ಕಾಯ್ದೆಯ 404ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಕು, ಅದರ ಜೊತೆಗೆ 401ನೇ ಸೆಕ್ಷನ್ ಪ್ರಕಾರ ‘ಇದರಿಂದ ನೀರು ಕೆಡುವುದಿಲ್ಲ’ ಅಂತ ರಾಜ್ಯದ ಸರ್ಟಿಫಿಕೇಟೂ ಬೇಕು. ಕ್ಯಾಲಿಫೋರ್ನಿಯಾದವರು 2022ರಲ್ಲಿ ಇಂಥ ಕೆಲಸಗಳಿಗೆಂದೇ ಒಂದು ಸಾಮಾನ್ಯ ಆದೇಶ ತಂದು ಓಡಾಟ ಕಡಿಮೆ ಮಾಡಿದರು. ನಮ್ಮಲ್ಲಿ ಅವೇ ಪ್ರಶ್ನೆಗಳು ನಾಲ್ಕೈದು ಕಚೇರಿಗಳಲ್ಲಿ ಹಂಚಿಹೋಗಿವೆ. ಯಾವ ಕಚೇರಿಗೆ ಹೋಗಬೇಕು ಅನ್ನುವುದು ಮೂರು ವಿಷಯ ನೋಡಿಕೊಂಡು ಗೊತ್ತಾಗುತ್ತದೆ: ನೆಲ ಯಾರದು, ನೀರು ಯಾರದು, ನಿಮ್ಮ ಕೆಲಸದಿಂದ ಕೆಳಗೆ ಏನು ಹರಿದುಹೋಗುತ್ತದೆ. ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಅದೇ ಮುಖ್ಯ.

1. ನೆಲ ಯಾರದು?

ಗ್ರಾಮ ನಕಾಶೆ ತೆಗೆಸಿ. ಹಳ್ಳದ ಉದ್ದಕ್ಕೂ ಬರುವ ಸರ್ವೇ ನಂಬರುಗಳನ್ನು ಬರೆದುಕೊಳ್ಳಿ. ದಿಶಾಂಕ್ ಆಪ್ ಹಾಕಿಕೊಂಡು ಹಳ್ಳದ ಪಕ್ಕ ನಡೆದರೆ ಎಲ್ಲಿ ಯಾವ ನಂಬರ್ ಅಂತ ಅಂದಾಜು ಸಿಗುತ್ತದೆ. ಆದರೆ ಅದು ಬರೀ ಅಂದಾಜು, ಗಡಿ ಜಗಳಕ್ಕೆ ಅದನ್ನು ತೋರಿಸಬೇಡಿ.

ಆಮೇಲೆ ಪಹಣಿ ನೋಡಿ. ಖಾಸಗಿ ಜಮೀನಿನ ಪಹಣಿಯಲ್ಲೇ ‘ಬಿ ಖರಾಬು’ ಅಂತ ಇಷ್ಟು ಗುಂಟೆ ಬರೆದಿರುತ್ತದೆ, ಬಹಳ ಕಡೆ ಹಳ್ಳ ಅಡಗಿ ಕೂತಿರುವುದು ಅಲ್ಲೇ. ಜಮೀನು ಗೌಡರದ್ದಾದರೂ ಆ ಗುಂಟೆಗಳು ಸಾರ್ವಜನಿಕರದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಸೆಕ್ಷನ್ ಹೊಳೆ, ಹಳ್ಳ, ಕೆರೆ ಅಂಗಳ ಎಲ್ಲ ಸರ್ಕಾರದ ಸ್ವತ್ತು ಅನ್ನುತ್ತದೆ. ಹಾಗಂತ ಪಹಣಿ ಹಿಡಿದುಕೊಂಡು ಹೋಗಿ ಜಗಳಕ್ಕೆ ನಿಲ್ಲಬೇಡಿ. ಹಳ್ಳಕ್ಕೆ ಭತ್ತದ ಬದು ಸರಿಸಿಕೊಂಡವರು ನಿಮ್ಮ ಪಕ್ಕದ ಮನೆಯವರೇ ಆಗಿರುತ್ತಾರೆ, ಅಲ್ವಾ? ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೇಯರಿಂದ ಹದ್ದುಬಸ್ತು ಮಾಡಿಸಿ, ಎರಡೂ ಕಡೆಯ ರೈತರನ್ನು ಆ ದಿನ ಕರೆಸಿ, ಕಲ್ಲು ನೆಡಿಸಿ. ಇದಾಗದೆ ಮುಂದಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ.

ಕೆರೆಯಾದರೆ ಲೆಕ್ಕ ಬೇರೆ. ಅಚ್ಚುಕಟ್ಟು, ಅಂದರೆ ಆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯಿತಿ ಕಡೆ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಇದರ ಜೊತೆಗೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯೂ ಇದೆ, ಅದಕ್ಕೆ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಇರುತ್ತದೆ. ಮೈಸೂರು ನಗರದ ಒಳಗೆ ಇನ್ನೂ ತಮಾಷೆ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ್ದು, ಲಿಂಗಾಂಬುಧಿ ಕೆರೆ ನೋಡಿಕೊಳ್ಳುವುದು ಅರಣ್ಯ ಇಲಾಖೆ. ಒಂದೇ ಊರಿನ ಮೂರು ಕೆರೆಗೆ ಮೂವರು ಯಜಮಾನರು. ಹಾಗಾಗಿ ‘ಆ ಕೆರೆಗೆ ಅವರು ಹೀಗೆ ಮಾಡಿದರು, ನಾವೂ ಹಾಗೇ ಮಾಡೋಣ’ ಅಂತ ಹೊರಡಬೇಡಿ.

2. ನೀರು ಯಾರದು?

ಮಳೆ ನೀರಿನ ಹಳ್ಳವೋ, ನಾಲೆಯ ಬಸಿ ನೀರಿನ ಹಳ್ಳವೋ ನೋಡಿ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಬೇಸಿಗೆಯಲ್ಲೂ ಹರಿಯುವ ಬಹಳಷ್ಟು ಹಳ್ಳಗಳು ಗದ್ದೆಯಿಂದ ಬಸಿದು ಬಂದ ವಿಶ್ವೇಶ್ವರಯ್ಯ ನಾಲೆಯ ನೀರೇ. ನಾಲೆ ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಹಳ್ಳ ಇಳಿಯುತ್ತದೆ ಅಂತ ಊರಿನ ನೀರುಗಂಟಿಯನ್ನು ಕೇಳಿ, ಅವರು ಕೊಡುವ ಉತ್ತರ ಯಾವ ಎಂಜಿನಿಯರ್ ಹತ್ತಿರವೂ ಇರುವುದಿಲ್ಲ. ನಾಲೆ, ಉಪನಾಲೆ, ತೂಬು, ಬಸಿಗಾಲುವೆ ಇವುಗಳಿಗೆ ಕಾವೇರಿ ನೀರಾವರಿ ನಿಗಮದ ಎಂಜಿನಿಯರ್ ಒಪ್ಪಿಗೆ ಇಲ್ಲದೆ ಕೈ ಹಾಕಿದರೆ 1965ರ ನೀರಾವರಿ ಕಾಯ್ದೆಯ ಕೆಳಗೆ ಕೇಸು ಆಗಬಹುದು.

ಹಳ್ಳಕ್ಕೆ ಅಡ್ಡ ಹೊಸ ಚೆಕ್ ಡ್ಯಾಂ ಕಟ್ಟುವ ಆಸೆ ಇದ್ದರೆ ಅದನ್ನು ಈ ಅರ್ಜಿಯಲ್ಲಿ ಸೇರಿಸಬೇಡಿ. ಸರಿಪಡಿಸುವುದು ಬೇರೆ, ನೀರು ತಡೆದು ನಿಲ್ಲಿಸುವುದು ಬೇರೆ. ಕಾವೇರಿ ಕೊಳ್ಳದಲ್ಲಂತೂ ಎರಡನೆಯದು ದೊಡ್ಡ ತಲೆನೋವು.

ಕೆರೆ ಖಾಲಿ ಮಾಡುವ ಯೋಚನೆ ಇದ್ದರೆ ಮೀನು ಗುತ್ತಿಗೆ ಯಾರಿಗೆ ಆಗಿದೆ, ಎಲ್ಲಿಯವರೆಗೆ ಇದೆ ಅಂತ ಮೊದಲು ಕೇಳಿ. ಮರಿ ಬಿಟ್ಟು ಕಾಯುತ್ತ ಕೂತವರಿಗೆ ಹೇಳದೆ ತೂಬು ಎತ್ತಿದರೆ ನಿಮ್ಮ ಕೆಲಸ ಅಲ್ಲಿಗೇ ನಿಂತಿತು ಅಂತ ಲೆಕ್ಕ.

ಇನ್ನೊಂದು ಗಡಿ ಇದೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು, ನಮ್ಮ ರಾಜ್ಯದಲ್ಲಿ ಅದೇ ಮೊದಲನೆಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಧಾಮದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರನ್ನು ತಿರುಗಿಸುವುದು, ನಿಲ್ಲಿಸುವುದು ಮಾತ್ರವಲ್ಲ, ಹೆಚ್ಚಿಸುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು ಅನ್ನುತ್ತದೆ. ‘ನಾವು ಜಾಸ್ತಿ ನೀರು ಬಿಡುತ್ತಿದ್ದೇವೆ, ಒಳ್ಳೆಯದೇ ತಾನೇ’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ನಿಮ್ಮ ಹಳ್ಳ ಯಾವುದಾದರೂ ಧಾಮಕ್ಕೆ ಸೇರುವುದಾದರೆ ಮೊದಲು ವಲಯ ಅರಣ್ಯಾಧಿಕಾರಿಗಳ ಹತ್ತಿರ ಹೋಗಿ. ಕಾವೇರಿ ದಂಡೆಯಲ್ಲಿ ಮೊಸಳೆ ಮೊಟ್ಟೆ ಇಡುವುದೂ ನಾವು ಮಣ್ಣು ಕೆಲಸಕ್ಕೆ ಇಳಿಯುವ ಬೇಸಿಗೆಯಲ್ಲೇ, ಅದನ್ನೂ ಅವರನ್ನೇ ಕೇಳಿ.

3. ಕೆಲಸಕ್ಕೆ ಮುಂಚಿನ ನೀರು ಹೇಗಿತ್ತು?

ಇದನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಆಮೇಲೆ ಕೆಳಗಿನ ಊರಿನವರು ‘ನಿಮ್ಮಿಂದ ನಮ್ಮ ಮೀನು ಸತ್ತವು’ ಅಂದಾಗ ತೋರಿಸುವುದಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ.

ಮೂರು ಜಾಗ ಗುರುತು ಮಾಡಿ. ಕೆಲಸದ ಜಾಗದಿಂದ ಮೇಲೆ ಒಂದು, ಕೆಲಸದ ಜಾಗದಲ್ಲಿ ಒಂದು, ಕೆಳಗೆ ಒಂದು. ಮೋರಿ, ಸೇತುವೆ, ಒಂದು ದೊಡ್ಡ ಮತ್ತಿಮರ, ಹೀಗೆ ಮುಂದಿನ ವರ್ಷವೂ ಅಲ್ಲೇ ಇರುವ ಗುರುತು ಆಗಬೇಕು. ಮೂರು ಜಾಗದ ನೀರನ್ನೂ ಒಂದೇ ದಿನ ತೆಗೆಯಿರಿ, ಮುಂದಿನ ಸಲವೂ ಅದೇ ಹೊತ್ತಿಗೆ ತೆಗೆಯಿರಿ. ಹೊತ್ತು ಯಾಕೆ ಮುಖ್ಯ ಅಂದರೆ, ಪಾಚಿಗಟ್ಟಿದ ಹಸಿರು ನೀರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ, ಅದೇ ನೀರಿನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಮೀನಿಗೆ ಉಸಿರಾಡುವಷ್ಟೂ ಇರುವುದಿಲ್ಲ. ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ ಆಮ್ಲಜನಕ ಖರ್ಚು ಮಾಡಿರುತ್ತದೆ. ನಿಜ ಗೊತ್ತಾಗಬೇಕಾದರೆ ಬೆಳಿಗ್ಗೆ ಬೇಗ ಹೋಗಿ.

ನೀರು ತುಂಬುವುದಕ್ಕೂ ಒಂದು ಕ್ರಮ ಇದೆ. ಕೋಲಿಫಾರ್ಮ್ (ನೀರಿಗೆ ಮಲದ ಕೊಳೆ ಸೇರಿರಬಹುದು ಅಂತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಪ್ರಯೋಗಾಲಯದವರೇ ಕೊಟ್ಟ ಸ್ಟೆರೈಲ್ ಬಾಟಲಿ ಬೇಕು. ಬಾಟಲಿಯ ಬಾಯಿ ನೀರು ಬರುವ ಕಡೆಗೆ ಮಾಡಿ, ಮೇಲಿನ ಪದರ ಬಿಟ್ಟು ಸ್ವಲ್ಪ ಒಳಗೆ ಮುಳುಗಿಸಿ ತುಂಬಿ, ಮೇಲೆ ಸ್ವಲ್ಪ ಗಾಳಿಗೆ ಜಾಗ ಬಿಡಿ, ಒಳಗೆ ಬೆರಳು ಸೋಕಬಾರದು. ಕರಗಿದ ಆಮ್ಲಜನಕಕ್ಕೆ ಇದರ ಉಲ್ಟಾ. ಬಾಟಲಿ ತುಂಬಿ ಹೊರಗೆ ಹರಿಯಬೇಕು, ಒಳಗೆ ಒಂದು ಗುಳ್ಳೆಯೂ ಉಳಿಯಬಾರದು, ಆಮ್ಲಜನಕವನ್ನು ಹಿಡಿದಿಡುವ ರಾಸಾಯನಿಕವನ್ನು ಅಲ್ಲೇ ದಂಡೆಯಲ್ಲಿ ನಿಂತೇ ಬಾಟಲಿಗೆ ಹಾಕಬೇಕು, ಇಲ್ಲವಾದರೆ ಮೀಟರಿನಲ್ಲಿ ಅಲ್ಲೇ ಅಳೆಯಬೇಕು. ಬಾಟಲಿಗಳನ್ನು ಐಸ್ ಡಬ್ಬದಲ್ಲಿಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬೈಕಿನ ಹಿಂದೆ ಬಿಸಿಲಲ್ಲಿ ಕಟ್ಟಿಕೊಂಡು ಊರೆಲ್ಲ ಸುತ್ತಿ ಸಂಜೆ ಕೊಟ್ಟರೆ ಆ ವರದಿಗೆ ಬೆಲೆ ಇಲ್ಲ.

ವರದಿ ಬಂದ ಮೇಲೆ ಅದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗಗಳ ಪಕ್ಕ ಇಟ್ಟು ನೋಡಿ. ಸ್ನಾನಕ್ಕೆ ಆಗುವ ನೀರು ಬಿ ವರ್ಗ: ಲೀಟರಿಗೆ ಕರಗಿದ ಆಮ್ಲಜನಕ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಅಥವಾ ಕಡಿಮೆ, ಒಟ್ಟು ಕೋಲಿಫಾರ್ಮ್ 100 ಮಿಲಿಲೀಟರಿಗೆ 500ರ ಒಳಗೆ. ಮೀನು, ಕಾಡುಪ್ರಾಣಿಗೆ ಡಿ ವರ್ಗ: ಆಮ್ಲಜನಕ ಕನಿಷ್ಠ 4, ಅಮೋನಿಯಾ 1.2ರ ಒಳಗೆ, ಪಿಎಚ್ 6.5ರಿಂದ 8.5. ಬರೀ ನೀರಾವರಿಗೆ ಇ ವರ್ಗ, ಅದರಲ್ಲಿ ವಿದ್ಯುತ್ ವಾಹಕತೆ 2250 ಮೈಕ್ರೋಮೋ ದಾಟಬಾರದು. ಅಂದರೆ ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ. ನಾಲೆಯ ಕೊನೆ ಭಾಗದ ರೈತರಿಗೆ ಈ ಒಂದು ಅಂಕಿ ಉಳಿದೆಲ್ಲಕ್ಕಿಂತ ಬೇಗ ಅರ್ಥ ಆಗುತ್ತದೆ.

ಮೇಲಿನ ಜಾಗಕ್ಕಿಂತ ಮಧ್ಯದ ಜಾಗದಲ್ಲಿ ಬಿಒಡಿ, ಕೋಲಿಫಾರ್ಮ್ ಧಿಡೀರನೆ ಏರಿದ್ದರೆ ನಡುವೆ ಯಾವುದೋ ಚರಂಡಿ ಸೇರುತ್ತಿದೆ ಅಂತ ಅರ್ಥ. ಅದು ಊರಿನ ಬಚ್ಚಲ ನೀರಿರಬಹುದು, ಆಲೆಮನೆ ತೊಳೆದ ನೀರಿರಬಹುದು. ಆಗ ನಿಮ್ಮ ಮೊದಲ ಕೆಲಸ ಹೂಳೂ ಅಲ್ಲ, ಗಿಡವೂ ಅಲ್ಲ. ಆ ಚರಂಡಿ. ಬಚ್ಚಲ ನೀರಿಗೆ ಮನೆ ಮನೆಗೆ ಇಂಗುಗುಂಡಿ ಮಾಡಿಸಿದರೆ ಅರ್ಧ ಕೆಲಸ ಆಯಿತು. ಇದನ್ನು ಬಿಟ್ಟು ಜೊಂಡು ಕಿತ್ತರೆ ಒಂದೇ ಮಳೆಗಾಲದಲ್ಲಿ ಅದು ಮತ್ತೆ ಎದ್ದು ನಿಲ್ಲುತ್ತದೆ, ಯಾಕೆಂದರೆ ಅದಕ್ಕೆ ಗೊಬ್ಬರ ಹಾಕುತ್ತಿರುವುದು ನಾವೇ.

4. ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕಾ?

1974ರ ಜಲ ಕಾಯ್ದೆಯ 24ನೇ ಸೆಕ್ಷನ್ ಹೊಳೆ ಹಳ್ಳಕ್ಕೆ ವಿಷ, ಕೊಳೆ ಬಿಡಬಾರದು ಅನ್ನುತ್ತದೆ. ಹರಿವಿಗೆ ಅಡ್ಡ ಬಂದು ಮಾಲಿನ್ಯ ಹೆಚ್ಚಿಸುವಂಥ ವಸ್ತು ಹಾಕಬಾರದು ಅಂತಲೂ ಇದೆ. ಆದರೆ ಅದೇ ಸೆಕ್ಷನ್ ದಂಡೆ ಅಥವಾ ಪಾತ್ರವನ್ನು ಕಾಪಾಡುವುದಕ್ಕೆ, ರಿಪೇರಿ ಮಾಡುವುದಕ್ಕೆ ಸಾಮಾನು ಹಾಕುವುದನ್ನು ಅಪರಾಧ ಅನ್ನುವುದಿಲ್ಲ. ಷರತ್ತು ಒಂದೇ, ಆ ಸಾಮಾನು ನೀರು ಕೆಡಿಸುವಂಥದ್ದು ಆಗಿರಬಾರದು. ಕಲ್ಲು, ತೆಂಗಿನ ನಾರಿನ ಚಾಪೆ, ಬಿದಿರಿನ ತಟ್ಟಿ ಸರಿ. ಹಳೆ ಮನೆ ಕೆಡವಿದ ಗೋಡೆ ಚೂರು, ಪ್ಲಾಸ್ಟಿಕ್ ತುಂಬಿದ ಮಣ್ಣು ಸರಿಯಲ್ಲ.

ಸುಮ್ನೆ ಕಳೆ, ಹೂಳು ತೆಗೆದು ದಂಡೆ ಗಟ್ಟಿ ಮಾಡುವುದಾದರೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಂಡ್ಯದಲ್ಲೂ ಮೈಸೂರಲ್ಲೂ ಕಚೇರಿ ಇದೆ. ಆದರೆ ಚರಂಡಿಯನ್ನು ತಿರುಗಿಸಿ ಹಳ್ಳಕ್ಕೆ ಹೊಸ ಬಾಯಿ ತೆರೆಯುತ್ತೀರಿ, ಅಥವಾ ಜೊಂಡಿನ ಹೊಂಡ ಮಾಡಿ ಕೊಳಚೆ ನೀರು ಸೋಸಿ ಬಿಡುತ್ತೀರಿ ಅಂದರೆ 25ನೇ ಸೆಕ್ಷನ್ ಬರುತ್ತದೆ. ಅದಕ್ಕೆ ಮಂಡಳಿಯ ಸಮ್ಮತಿ ಮೊದಲೇ ಬೇಕು, ಆ ಅರ್ಜಿಯನ್ನು ಪಂಚಾಯಿತಿಯೇ ಹಾಕಬೇಕು, ನಿಮ್ಮ ಸಂಘ ಅಲ್ಲ. ಲಕ್ಷ್ಮಣತೀರ್ಥ, ಶಿಂಷಾ, ಕಬಿನಿ ಇವೆಲ್ಲ ಕೇಂದ್ರ ಮಂಡಳಿಯ ಕಲುಷಿತ ನದಿ ಭಾಗಗಳ ಪಟ್ಟಿಯಲ್ಲಿ ಬಂದ ಹೆಸರುಗಳು. ಅಲ್ಲಿಗೆ ಸೇರುವ ಹಳ್ಳ ಅಂತ ಪತ್ರದಲ್ಲಿ ಬರೆದರೆ ಗಮನ ಸ್ವಲ್ಪ ಬೇಗ ಸಿಗುತ್ತದೆ.

5. ಹೂಳು ಎಲ್ಲಿಗೆ ಹೋಗುತ್ತದೆ?

ಊರಿನ ಕೆರೆಕಟ್ಟೆಯ ಹೂಳನ್ನು ಸಮುದಾಯದವರೇ ಸೇರಿ, ಅಥವಾ ಉದ್ಯೋಗ ಖಾತರಿಯಂಥ ಸರ್ಕಾರಿ ಯೋಜನೆಯಲ್ಲಿ ತೆಗೆದರೆ ಪರಿಸರ ಅನುಮತಿ ಮೊದಲೇ ಪಡೆಯಬೇಕಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2016ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಈ ವಿನಾಯಿತಿ ಇದೆ. ಇದು ಊರಿನ ಕೆಲಸಕ್ಕೆ ಕೊಟ್ಟ ವಿನಾಯಿತಿ, ವ್ಯಾಪಾರಕ್ಕಲ್ಲ. ಮರಳು ಸಿಕ್ಕಿತು ಅಂತ ಒಂದು ಟ್ರ್ಯಾಕ್ಟರ್ ಮಾರಿದರೂ, ಮಣ್ಣು ಇಟ್ಟಿಗೆ ಗೂಡಿಗೆ ಹೋದರೂ, ಅದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ವಿಷಯ ಆಗುತ್ತದೆ. ಊರಿನ ಕೆಲಸ ಕೆಟ್ಟ ಹೆಸರು ತೆಗೆದುಕೊಳ್ಳುವುದು ಬಹುತೇಕ ಇದೇ ಜಾಗದಲ್ಲಿ.

ಒಂದು ಟ್ರಿಪ್ ಪುಸ್ತಕ ಇಡಿ. ಟ್ರ್ಯಾಕ್ಟರ್ ನಂಬರ್, ಯಾರ ಜಮೀನಿಗೆ, ಸರ್ವೇ ನಂಬರ್, ಸಹಿ. ಪಂಚಾಯಿತಿ ಪತ್ರದ ಜೆರಾಕ್ಸ್ ಪ್ರತಿ ಡ್ರೈವರ್ ಹತ್ತಿರವೂ ಇರಲಿ. ನಗರದ ಅಥವಾ ಕಾರ್ಖಾನೆಯ ಚರಂಡಿ ಸೇರುವ ಹಳ್ಳವಾದರೆ ಹೂಳನ್ನೂ ಪರೀಕ್ಷೆಗೆ ಕೊಡಿ. ಭಾರಲೋಹ ಇರುವ ಹೂಳನ್ನು ಗದ್ದೆಗೆ ಹಾಕಿಸಿ ಪುಣ್ಯ ಕಟ್ಟಿಕೊಂಡೆವು ಅಂದುಕೊಳ್ಳುವುದು ಬೇಡ.

6. ಅರ್ಜಿಯಲ್ಲಿ ಏನು ಬರೆಯಬೇಕು?

ಮೊದಲು ಗ್ರಾಮಸಭೆಯಲ್ಲಿ ವಿಷಯ ಇಟ್ಟು ನಡವಳಿಯಲ್ಲಿ ಬರೆಸಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರನ್ನೂ ಕರೆಯಿರಿ. ಬಹಳ ಕಡೆ ಅದು ಕಾಗದದಲ್ಲೇ ಇರುತ್ತದೆ, ಈ ನೆಪದಲ್ಲಾದರೂ ಒಂದು ಸಲ ಸಭೆ ಸೇರಲಿ. ‘ಹಳ್ಳ ಅಭಿವೃದ್ಧಿಗೆ ಅನುಮತಿ ಕೋರಿ’ ಅಂತ ಮೂರು ಸಾಲು ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತಲೇ ಇರುತ್ತದೆ, ಯಾಕೆಂದರೆ ಓದಿದ ಅಧಿಕಾರಿಗೆ ಸಹಿ ಹಾಕಲು ಧೈರ್ಯ ಬರುವುದಿಲ್ಲ. ಹೀಗೆ ಬರೆದು ನೋಡಿ:

‘ಸರ್ವೇ ನಂಬರ್ ಇಷ್ಟರಿಂದ ಇಷ್ಟರವರೆಗೆ ಹಾದುಹೋಗುವ ಹಳ್ಳದಲ್ಲಿ, ಇಂಥ ಮೋರಿಯಿಂದ ಇಂಥ ಕಟ್ಟೆಯವರೆಗೆ 600 ಮೀಟರ್ ಉದ್ದಕ್ಕೆ ಜೊಂಡು ಮತ್ತು ಹೂಳು ತೆಗೆಯುತ್ತೇವೆ. ಹಳ್ಳದ ಅಗಲ, ತಿರುವು ಬದಲಾಯಿಸುವುದಿಲ್ಲ. ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ನೀರು ಹರಿಯದ ಭಾಗದಲ್ಲಿ ಮಾತ್ರ. ಹೂಳನ್ನು ದಂಡೆಯಲ್ಲಿ ರಾಶಿ ಹಾಕುವುದಿಲ್ಲ, ಲಗತ್ತಿಸಿದ ಪಟ್ಟಿಯಲ್ಲಿರುವ ರೈತರ ಜಮೀನಿಗೆ ಕಳಿಸುತ್ತೇವೆ. ಕೆಲಸದ ಮುಂಚೆ, ನಡುವೆ, ಮುಗಿದ ಮೇಲೆ ಮೂರು ಜಾಗದಲ್ಲಿ ನೀರು ಪರೀಕ್ಷಿಸಿ ವರದಿ ಕೊಡುತ್ತೇವೆ. ಮುಂದಿನ ಐದು ವರ್ಷ ಇದೇ ಭಾಗದಲ್ಲಿ ಕೈಯಿಂದ ಕಳೆ ತೆಗೆಯಲು, ಕುಸಿದ ದಂಡೆ ಸರಿಪಡಿಸಲು ಇದೇ ಅನುಮತಿಯಲ್ಲಿ ಅವಕಾಶ ಕೊಡಬೇಕು.’

ಆ ಕೊನೆಯ ಸಾಲನ್ನು ಮರೆಯಲೇಬೇಡಿ. ಹಳ್ಳ ಒಂದು ಸಲ ಮಾಡಿ ಬಿಡುವ ಕೆಲಸ ಅಲ್ಲ, ವರ್ಷ ವರ್ಷ ಕೈ ಆಡಿಸಬೇಕು. ಅನುಮತಿಯಲ್ಲಿ ಅದು ಇಲ್ಲದಿದ್ದರೆ ಪ್ರತಿ ವರ್ಷ ಹೊಸ ಅರ್ಜಿ, ಹೊಸ ಓಡಾಟ. ಎರಡನೇ ವರ್ಷಕ್ಕೆ ಎಲ್ಲರಿಗೂ ಸಾಕಾಗುತ್ತದೆ, ಮೂರನೇ ವರ್ಷಕ್ಕೆ ಜೊಂಡು ವಾಪಸ್.

ದಂಡೆಯ ಮರ ಕಡಿಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಬೇರೆ ಅರ್ಜಿ. ಕಡಿಯದಿದ್ದರೆ ಅದೂ ಉಳಿಯುತ್ತದೆ. ಹೊಳೆಮತ್ತಿ, ಹೊಂಗೆ, ನೇರಳೆ ಇದ್ದ ದಂಡೆ ಕುಸಿಯುವುದು ಕಡಿಮೆ, ಅವನ್ನು ಮುಟ್ಟಬೇಡಿ.

7. ಕೆಲಸದ ದಿನಗಳು

ಜೆಸಿಬಿ ಡ್ರೈವರಿಗೆ ಹಳ್ಳ ಅಂದರೆ ನೇರ ಗೆರೆ. ಗಂಟೆ ಲೆಕ್ಕದಲ್ಲಿ ದುಡಿಯುವವರು ಅಗಲವಾಗಿ, ನೇರವಾಗಿ, ಚೊಕ್ಕವಾಗಿ ಕೆರೆದು ಕೊಡುತ್ತಾರೆ, ನೋಡುವುದಕ್ಕೂ ಚೆಂದ ಕಾಣುತ್ತದೆ. ಆದರೆ ಅದು ಹಳ್ಳ ಅಲ್ಲ, ಚರಂಡಿ. ಮಡು ಮಡುವಾಗಿರಲಿ, ತಿರುವು ತಿರುವಾಗಿರಲಿ, ಒಂದು ಕಡೆಯ ದಂಡೆಯ ಹಸಿರನ್ನಾದರೂ ಹಾಗೇ ಬಿಡಿ. ಎಲ್ಲಿಯವರೆಗೆ ಅಗೆಯಬೇಕು ಅಂತ ಗೂಟ ನೆಟ್ಟು ಬಣ್ಣ ಬಳಿದು ತೋರಿಸಿ, ಊರಿನ ಒಬ್ಬರು ಯಾವಾಗಲೂ ಪಕ್ಕದಲ್ಲಿ ನಿಂತಿರಲಿ. ಕೆರೆಯಲ್ಲಿ ಹೂಳಿನ ಕೆಳಗೆ ಜೇಡಿ ಪದರ ಕಂಡರೆ ಅಲ್ಲಿಗೆ ನಿಲ್ಲಿಸಿ, ಅದನ್ನು ಒಡೆದರೆ ನೀರು ನಿಲ್ಲುವುದಿಲ್ಲ.

ನೀರು ಸ್ವಲ್ಪ ಹರಿಯುತ್ತಿದ್ದರೆ ಪಕ್ಕದಲ್ಲಿ ಸಣ್ಣ ಕಾಲುವೆ ಮಾಡಿ ಅದನ್ನು ಆಚೆ ದಾಟಿಸಿ, ಒಣಗಿದ ಕಡೆ ಕೆಲಸ ಮಾಡಿ. ಕೆಳಗಡೆ ಅಡ್ಡಲಾಗಿ ಮರಳು ಚೀಲ, ಅದರ ಹಿಂದೆ ಭತ್ತದ ಹುಲ್ಲಿನ ಪಿಂಡಿಗಳನ್ನು ಒತ್ತಾಗಿ ಜೋಡಿಸಿ ಗೂಟ ಹೊಡೆಯಿರಿ, ಮಣ್ಣು ಅಲ್ಲಿ ತಂಗುತ್ತದೆ. ದಿನಕ್ಕೆ ಎರಡು ಸಲ ಮೇಲಿನ ನೀರು ಒಂದು ಗಾಜಿನ ಲೋಟದಲ್ಲಿ, ಕೆಳಗಿನ ನೀರು ಇನ್ನೊಂದರಲ್ಲಿ ತುಂಬಿ ಬಿಳಿ ಕಾಗದದ ಮುಂದೆ ಇಟ್ಟು ಫೋಟೋ ತೆಗೆಯಿರಿ. ಕೆಳಗಿನದು ಎದ್ದು ಕಾಣುವಷ್ಟು ಕೆಂಪಾಗಿದ್ದರೆ ಕೆಲಸ ನಿಲ್ಲಿಸಿ ಪಿಂಡಿ ಬದಲಾಯಿಸಿ. ಬಹಳ ಸರಳ ಉಪಾಯ, ಆದರೆ ತಕರಾರು ಬಂದಾಗ ತಾರೀಕು ಇರುವ ಈ ಫೋಟೋಗಳೇ ಮಾತಾಡುತ್ತವೆ.

ಡೀಸೆಲ್ ತುಂಬುವುದು, ಗ್ರೀಸ್ ಹಚ್ಚುವುದು ಹಳ್ಳದಿಂದ ದೂರದಲ್ಲಿ. ಸಂಜೆ ಗಾಡಿಯನ್ನು ಹಳ್ಳದ ನೀರಲ್ಲೇ ತೊಳೆಯಲು ಬಿಡಬೇಡಿ. ಸಿಮೆಂಟ್ ಕೆಲಸ ಇದ್ದರೆ ಅದರ ತೊಳೆದ ನೀರು ಹಳ್ಳಕ್ಕೆ ಸೇರಬಾರದು, ಪಿಎಚ್ ಏರಿ ಮೀನು ಸಾಯುತ್ತವೆ. ಕಳೆನಾಶಕ ಅಂತೂ ಬೇಡವೇ ಬೇಡ.

8. ಗೋಮಾಳ

ಹಳ್ಳದ ದಂಡೆಯ ಹುಲ್ಲುಗಾವಲು ಸರಿ ಇಲ್ಲದಿದ್ದರೆ ಪ್ರತಿ ಮಳೆಗೂ ಅಲ್ಲಿನ ಮಣ್ಣು ಹಳ್ಳಕ್ಕೇ ಬರುತ್ತದೆ. ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಅಂತ ಭೂ ಕಂದಾಯ ನಿಯಮಗಳ 97ನೇ ನಿಯಮ ಹೇಳುತ್ತದೆ. ನಿಮ್ಮೂರಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿದರೆ ಬೇಜಾರಾಗುತ್ತದೆ, ಆದರೂ ಹಾಕಿ, ಅರ್ಜಿಗೆ ಅದೂ ಬಲ.

ಹುಲ್ಲುಗಾವಲು ಸಿಕ್ಕಿತು ಅಂದರೆ ಸಾಕು, ಗಿಡ ನೆಟ್ಟು ಕಾಡು ಮಾಡುವ ಹುಮ್ಮಸ್ಸು ಎಲ್ಲರಿಗೂ. ದಯವಿಟ್ಟು ಬೇಡ. ಗರಿಕೆ, ಅಂಜನ ಹುಲ್ಲು ಬಿಸಿಲಿನ ಗಿರಾಕಿಗಳು, ನೆರಳಲ್ಲಿ ಸಾಯುತ್ತವೆ. ಲಂಟಾನವನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ ಬೇರುಸಹಿತ ಕೀಳಿ, ಕಾಯಿ ಕಟ್ಟುವ ಮುಂಚೆ. ಗೋಮಾಳವನ್ನು ಮೂರು ಭಾಗ ಮಾಡಿ ಒಂದು ಮಳೆಗಾಲಕ್ಕೆ ಒಂದು ಭಾಗ ಮಾತ್ರ ಮೇಯಲು ಮುಚ್ಚಿ, ಹುಲ್ಲು ಬೀಜ ಉದುರಿದ ಮೇಲೆ ತೆರೆಯಿರಿ. ಯಾವ ಭಾಗ ಯಾವ ವರ್ಷ ಅನ್ನುವುದನ್ನು ಕುರಿ ಕಾಯುವವರ ಜೊತೆ ಕೂತೇ ನಿರ್ಧರಿಸಿ. ದನ ನೀರಿಗೆ ಇಳಿಯಲು ಒಂದೇ ಕಡೆ ಕಲ್ಲು ಹಾಸಿ ದಾರಿ ಮಾಡಿಕೊಟ್ಟರೆ ಉಳಿದ ದಂಡೆ ತುಳಿದು ಹಾಳಾಗುವುದು ತಪ್ಪುತ್ತದೆ.

9. ಆಮೇಲಿನ ವರ್ಷಗಳು

ಮೇ ತಿಂಗಳ ಮೊದಲ ಜೋರು ಮಳೆ ಆದ ಮಾರನೇ ದಿನ ಒಂದು ಸಲ, ಅಕ್ಟೋಬರ್ ಮಳೆ ಮುಗಿದ ಮೇಲೆ ಒಂದು ಸಲ ಹಳ್ಳದ ಉದ್ದಕ್ಕೂ ನಡೆಯಿರಿ. ದಂಡೆ ಕುಸಿದ ಕಡೆ ಲಾವಂಚ ನೆಡಲು, ಕಲ್ಲು ಕೂರಿಸಲು ಗುರುತು ಹಾಕಿಕೊಳ್ಳಿ. ನೀರಿನ ಪರೀಕ್ಷೆ ವರ್ಷಕ್ಕೆ ಎರಡು ಸಲ, ಅದೇ ಮೂರು ಜಾಗ, ಅದೇ ಹೊತ್ತು. ಹಳ್ಳಿಗಳ ಕುಡಿಯುವ ನೀರಿನ ಪರೀಕ್ಷೆಗೆ ಪಂಚಾಯಿತಿಗೆ ಕೊಟ್ಟಿರುವ ಕಿಟ್ ಇದ್ದರೆ ನಡುವೆ ಪಿಎಚ್‌ನಂಥ ಸಣ್ಣ ಪರೀಕ್ಷೆಗಳನ್ನು ಶಾಲೆ ಮಕ್ಕಳ ಕೈಯಲ್ಲೇ ಮಾಡಿಸಬಹುದು, ಮಕ್ಕಳು ದೊಡ್ಡವರಿಗಿಂತ ಹುಷಾರಾಗಿ ಬರೆದಿಡುತ್ತಾರೆ.

ಕಾಗದಗಳನ್ನು ಎರಡು ಫೈಲ್ ಮಾಡಿ. ನಡವಳಿ, ಸರ್ವೇ ನಕಾಶೆ, ಎಲ್ಲ ಕಚೇರಿಗಳ ಸ್ವೀಕೃತಿ ಮುದ್ರೆ ಬಿದ್ದ ಪ್ರತಿ, ನೀರಿನ ವರದಿ, ಟ್ರಿಪ್ ಪುಸ್ತಕ. ಒಂದು ಪಂಚಾಯಿತಿಯಲ್ಲಿ, ಒಂದು ಸಂಘದಲ್ಲಿ. ಪಿಡಿಒ ವರ್ಗವಾಗಿ ಹೊಸಬರು ಬಂದ ವಾರದಲ್ಲೇ ಫೈಲ್ ತೆಗೆದುಕೊಂಡು ಹೋಗಿ, ಅವರನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋಗಿ, ಐದು ವರ್ಷದ ಆ ಸಾಲನ್ನು ತೋರಿಸಿ.